ಆಟಿಗೆ ಮಾತ್ರ ಅಟ್ಟದಿಂದ ಇಳಿಯುತ್ತಿದ್ದ ಮಣೆ

ಕಳೆದ ವಾರ ಊರಿಗೆ ಹೋಗಿದ್ದೆ. ಮಾಡು ರಿಪೇರಿಗೆ ಅಂತ ಅಟ್ಟದ ಸಾಮಾನೆಲ್ಲ ಇಳಿಸುವಾಗ ಅಜ್ಜಿಯ ಚೆನ್ನೆಮಣೆ, ಅಂದರೆ ಅಳಗುಳಿ ಮಣೆ, ಸಿಕ್ಕಿತು. ಹಲಸಿನ ಮರದ್ದು. ಒಂದು ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ. ಬೆರಳು ಆಡಿ ಆಡಿ ಗುಳಿಗಳ ಅಂಚು ನುಣ್ಣಗಾಗಿದೆ, ಒಂದು ತುದಿಯಲ್ಲಿ ಸಣ್ಣ ಬಿರುಕು. ಜೊತೆಗೆ ಹಳೇ ಸೀರೆ ತುಂಡಿನಲ್ಲಿ ಕಟ್ಟಿಟ್ಟ, ಆಟಕ್ಕೆ ಬಳಸುವ ಮಂಜೊಟ್ಟಿ ಬೀಜದ ಕಾಯಿ, ಈಗಲೂ ಕೆಂಪಗೆ ಹೊಳೆಯುತ್ತಿವೆ. ಗುಳಿಗೆ ನಾಲ್ಕರಂತೆ 56 ಇರಬೇಕು. ಎಣಿಸಿದೆ, 53 ಇತ್ತು.

ಅಜ್ಜಿ ಈ ಮಣೆಯನ್ನು ಆಟಿಯಲ್ಲಿ ಮಾತ್ರ ಇಳಿಸುತ್ತಿದ್ದರು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬರುವ ತುಳು ತಿಂಗಳು ಅದು. ಮುಗಿದ ಕೂಡಲೇ ಮಣೆ ಮತ್ತೆ ಅಟ್ಟಕ್ಕೆ. "ಇನ್ನು ಆಡಿದ್ರೆ ಮನೆಗೆ ಒಳ್ಳೇದಲ್ಲ ಮಗಾ" ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಇದು ಸುಮ್ನೆ ಹೆದರಿಸುವ ಮಾತು ಅಂದುಕೊಂಡಿದ್ದೆ. ಆದರೆ ಆಟಿ ಅಂದ್ರೆ ಹೇಗಿರುತ್ತಿತ್ತು ನೋಡಿ: ಮಳೆಗಾಲದ ಏಣೆಲು ಬೆಳೆಯ ನೇಜಿ, ಅಂದರೆ ಭತ್ತದ ಸಸಿ, ನೆಟ್ಟು ಮುಗಿದಿದೆ, ಹೊರಗೆ ಕಾಲಿಡಲಾಗದ ಮಳೆ, ಅಕ್ಕಿ ತಳ ಕಂಡಿದೆ, ಊಟಕ್ಕೆ ಕಣಿಲೆ ಅನ್ನುವ ಎಳೆ ಬಿದಿರು, ತಜಂಕು ಸೊಪ್ಪು, ಕೆಸುವಿನ ಎಲೆ. ವರ್ಷವಿಡೀ ಗದ್ದೆ, ಹಟ್ಟಿ, ಒಲೆ ಅಂತ ಓಡಾಡುವ ಹೆಂಗಸರಿಗೆ ಜಗಲಿಯಲ್ಲಿ ಎದುರುಬದುರು ಕೂರಲು ಸಿಗುತ್ತಿದ್ದದ್ದು ಆ ಒಂದು ತಿಂಗಳು. ಉಳಿದ ಹನ್ನೊಂದು ತಿಂಗಳು ಆಡಬಾರದು ಅಂದದ್ದರ ಹಿಂದೆ ಕೆಲಸ ಕೆಡಬಾರದು ಅನ್ನುವ ಲೆಕ್ಕವೇ ಜಾಸ್ತಿ ಇತ್ತು ಅಂತ ನನಗೀಗ ಅನಿಸುತ್ತದೆ.

ಯಾರ ಜೊತೆ ಆಡಬಾರದು ಅಂತಲೂ ಇತ್ತು. ನಾನು, ಅಕ್ಕ ಎದುರು ಕೂರುವ ಹಾಗಿರಲಿಲ್ಲ. ಸಿರಿ ಪಾಡ್ದನ ಅನ್ನುವ ತುಳು ಕಥನ ಹಾಡಿನಲ್ಲಿ ಅಬ್ಬಗ-ದಾರಗ ಅಂತ ಅವಳಿ ಅಕ್ಕತಂಗಿಯರು ಬರುತ್ತಾರೆ. ಚೆನ್ನೆ ಆಡುತ್ತಾ ಜಗಳವಾಗಿ ಒಬ್ಬಳು ಮಣೆಯಲ್ಲೇ ಹೊಡೆದು ಇನ್ನೊಬ್ಬಳು ಸಾಯುತ್ತಾಳೆ, ಹೊಡೆದವಳೂ ಬಾವಿಗೆ ಹಾರುತ್ತಾಳೆ. ಪಾಡ್ದನಗಳನ್ನು ನೇಜಿ ನೆಡುತ್ತಾ ಹಾಡುತ್ತಿದ್ದವರೂ ಹೆಂಗಸರೇ. ಆಟದ ಭಯವನ್ನು ಗದ್ದೆಯ ಕೆಸರಲ್ಲಿ ನಿಂತು ಹಾಡಿಕೊಂಡೇ ಅವರು ಮನೆಗೆ ಬಂದು ಮಣೆ ಮುಂದೆ ಕೂರುತ್ತಿದ್ದರು.

ಗಂಡಸರ ಆಟ ಮಾತ್ರ ಬಯಲಲ್ಲಿ. ಕೋಳಿ ಕಾದಿಸುವ ಕೋಳಿ ಅಂಕ, ಕೆಸರಲ್ಲಿ ಕೋಣ ಓಡಿಸುವ ಕಂಬಳ. ಕಂಬಳ ಅಂದ ಕೂಡಲೇ ಈಗ ನಮಗೆ ಲೈಟು, ಮೈಕು, ಜೋಡುಕರೆ ಅನ್ನುವ ಅಕ್ಕಪಕ್ಕದ ಎರಡು ಓಟದ ಹಾದಿ ಕಣ್ಣಿಗೆ ಬರುತ್ತದೆ. ಮೊದಲು ಅದು ಗುತ್ತು, ಬೀಡು ಅನ್ನುವ ಜಮೀನ್ದಾರರ ಮನೆಗಳ ದೊಡ್ಡ ಗದ್ದೆಯಲ್ಲಿ ಕೊಯ್ಲು ಮುಗಿದ ಮೇಲೆ ನಡೆಯುತ್ತಿದ್ದದ್ದು. ಗದ್ದೆ ಧಣಿಯದ್ದು, ಉತ್ತು ಹದ ಮಾಡುವವರು ಒಕ್ಕಲಿನವರು. ಕನೆಹಲಗೆ ಅನ್ನುವ ಓಟದಲ್ಲಿ ಕೋಣಗಳು ಎಳೆಯುವ ಹಲಗೆ ಮೇಲೆ ಒಂದು ಕಾಲೂರಿ ನಿಂತವನ ಕೆಳಗಿನ ತೂತುಗಳಿಂದ ನೀರು ಚಿಮ್ಮಿ, ಆರೂವರೆ ಕೋಲು ಎತ್ತರದ ನಿಶಾನೆ ತಾಗಬೇಕು. ಅದನ್ನು ಹತ್ತಿರದಿಂದ ನೋಡಿದ್ದೇನೆ, ಮೈ ಜುಮ್ಮೆನ್ನುತ್ತದೆ. ಆದರೆ ಗೆದ್ದ ಹೆಸರು ಕೋಣಗಳ ಯಜಮಾನರ ಮನೆಗೆ ಹೋಗುತ್ತಿತ್ತು. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಓಡಿಸಿದವರ ಹೆಸರು ಕೇಳಿತಲ್ವಾ, ನನಗೆ ತುಂಬಾ ಖುಷಿಯಾಗಿತ್ತು.

ಓಡಿಸಿದವರಿಗಿಂತ ಕೆಳಗೆ ಇನ್ನೂ ಒಬ್ಬರಿದ್ದರು. ಕಂಬಳದ ಹಿಂದಿನ ರಾತ್ರಿಯಿಡೀ ಕೊರಗ ಸಮುದಾಯದವರನ್ನು ಇಬ್ಬನಿಯಲ್ಲಿ ಕೂರಿಸಿ ಡೋಲು ಬಾರಿಸುವಂತೆ ಮಾಡುತ್ತಿದ್ದರು, ಪನಿಕುಲ್ಲುನು ಅಂತ ಅದಕ್ಕೆ ಹೆಸರು. ಬೆಳಗ್ಗೆ ಕೋಣಗಳಿಗಿಂತ ಮೊದಲು ಅವರನ್ನೇ ಕೆಸರಿನಲ್ಲಿ ಓಡಿಸುತ್ತಿದ್ದರು. ಕೋಣದ ಕಾಲಿಗೆ ಏನೂ ಚುಚ್ಚಬಾರದು, ಅದಕ್ಕೆ. ಕೊರಗರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ ಕಾಯ್ದೆ ಬಂದದ್ದು 2000ದಲ್ಲಿ, ಅಂದರೆ ಮೊನ್ನೆ ಮೊನ್ನೆ. ನಮ್ಮ ಜಿಲ್ಲೆಯ ಹೆಮ್ಮೆ ಅಂತ ಕಂಬಳದ ವಿಡಿಯೋ ಹಾಕುವಾಗಲೆಲ್ಲ ನನಗೆ ಆ ಇಬ್ಬನಿಯ ರಾತ್ರಿ ನೆನಪಾಗುತ್ತದೆ. ಹೆಮ್ಮೆ ಪಡುವವರು ಇದನ್ನೂ ಹೇಳಬೇಕು.

ಯಾರು, ಯಾವಾಗ ಆಡಬಹುದು ಅಂತ ನಮ್ಮಲ್ಲಿ ಪದ್ಧತಿ ಮಾಡಿದ್ದನ್ನು ಇಂಗ್ಲೆಂಡಿನಲ್ಲಿ ಕಾನೂನಾಗಿಯೇ ಬರೆದಿಟ್ಟಿದ್ದರು. ಎಂಟನೇ ಹೆನ್ರಿಯ 1541ರ ಕಾಯ್ದೆ ಪ್ರಕಾರ ಕೂಲಿಯವರು, ರೈತರು, ಆಳುಗಳು, ಮೀನುಗಾರರು ಟೆನಿಸ್, ಬೌಲ್ಸ್, ದಾಳ, ಇಸ್ಪೀಟು ಯಾವುದನ್ನೂ ಆಡಕೂಡದು, ಕ್ರಿಸ್‌ಮಸ್ ದಿನಗಳನ್ನು ಬಿಟ್ಟು. ಆಗಲೂ ಧಣಿಯ ಮನೆಯಲ್ಲಿ ಅಥವಾ ಧಣಿಯ ಕಣ್ಣೆದುರೇ ಆಡಬೇಕು. ಆ ದೊರೆ ಮಾತ್ರ ತನ್ನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಟೆನಿಸ್ ಆಡುತ್ತಿದ್ದ.

ನಮ್ಮಲ್ಲಿ ಇದೆಲ್ಲ ಒಂದೇ ದಿನ ಬದಲಾಗಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಕಾರ್ಖಾನೆಯ ಕೆಲಸಕ್ಕೆ ಆಟಿಯೂ ಒಂದೇ, ಸುಗ್ಗಿಯೂ ಒಂದೇ. 1974ರ ಭೂಸುಧಾರಣೆಯಲ್ಲಿ ಗದ್ದೆಗಳು ಉಳುವವರ ಕೈಗೆ ಬಂದವು, ಗುತ್ತಿನ ಮನೆಯ ಕಂಬಳಗಳು ಎಷ್ಟೋ ಕಡೆ ಸಣ್ಣದಾದವು. ಗದ್ದೆ ಸಿಕ್ಕಿದ್ದು ದೊಡ್ಡದು, ಅದರ ಮುಂದೆ ಕಂಬಳ ಸಣ್ಣದಾದರೆ ಏನೂ ನಷ್ಟವಿಲ್ಲ ಅಂತಲೇ ನಾನು ಹೇಳುವುದು.

ನಮ್ಮ ಮನೆಯ ಜಗಲಿಗೆ ಬಂದದ್ದು ಬೀಡಿ. ಅಮ್ಮ ಹತ್ತನೇ ವಯಸ್ಸಿಗೇ ಕಟ್ಟಲು ಕೂತವರು. ಮಡಿಲಲ್ಲಿ ತಡ್ಪೆ ಅನ್ನುವ ಮೊರ, ಅದರಲ್ಲಿ ಹೊಗೆಸೊಪ್ಪು, ಕತ್ತರಿಸಿದ ಎಲೆ, ನೂಲು. ಸಂಜೆಯೊಳಗೆ ಲೆಕ್ಕ ಮಾಡಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು. ಮಳೆ ಬಂದರೂ, ಆಟಿಯಾದರೂ. ಎಲ್ಲಿ ಅಜ್ಜಿ ಮಣೆ ಇಟ್ಟುಕೊಂಡು ಕೂರುತ್ತಿದ್ದರೋ ಅದೇ ಜಾಗ. ಮಣೆ ಇಳಿಸಿದ ದಿನ ಅಮ್ಮನನ್ನು ಕರೆದು ಎದುರು ಕೂರಿಸಿದೆ. ಒಂದು ಗುಳಿಯ ನಾಲ್ಕು ಕಾಯಿ ಕೈಗೆ ತೆಗೆದುಕೊಂಡರು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. "ಅಜ್ಜಿ ಆಡುವುದನ್ನು ನೋಡಿದ್ದೇನೆ ಅಷ್ಟೇ. ನನಗೆ ಕಲಿಯಲಿಕ್ಕೆ ಪುರುಸೊತ್ತೇ ಆಗಲಿಲ್ಲ ಮಗಾ" ಅಂದರು.

ಪಕ್ಕದ ಮನೆಯ ದೊಡ್ಡಮ್ಮನಿಗೆ ಬರುತ್ತದಂತೆ. ಅಮ್ಮನನ್ನೂ ಕರೆದುಕೊಂಡು ಈ ಆಟಿಗೆ ಅವರಲ್ಲಿಗೆ ಹೋಗುತ್ತೇನೆ. ಅಷ್ಟರೊಳಗೆ ಇನ್ನು ಮೂರು ಮಂಜೊಟ್ಟಿ ಹುಡುಕಬೇಕು.