ಆರ್ದ್ರೆಯಿಂದ ಮೂಲಾ ನಕ್ಷತ್ರಕ್ಕೆ: ಪೊಸಡಿಗುಂಪೆ ಮತ್ತು ಚೆರುವತ್ತೂರಿನ ಎರಡು ದಿನ

2019ರ ಡಿಸೆಂಬರ್ 25ರ ಸಂಜೆ ನಾಲ್ಕು ಗಂಟೆಗೆ ನಾವು ಎರಡು ಜೀಪುಗಳಲ್ಲಿ ಪೊಸಡಿಗುಂಪೆ ಬೆಟ್ಟಕ್ಕೆ ಹೊರಟೆವು. ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ಆರು ಮತ್ತು ಏಳನೆಯ ತರಗತಿಯ 11 ಮಕ್ಕಳು, ಅವರಲ್ಲಿ ಇಬ್ಬರ ತಾಯಂದಿರು ಮತ್ತು ಅವರಿಗೆ ವಿಜ್ಞಾನ ಕಲಿಸುತ್ತಿದ್ದ ನಾನು. ಕ್ರಿಸ್‌ಮಸ್ ರಜೆಯಾದ್ದರಿಂದ ತರಗತಿಗಳು ತಪ್ಪುವ ಚಿಂತೆ ಇರಲಿಲ್ಲ. ಮರುದಿನ ಬೆಳಿಗ್ಗೆ ಸೂರ್ಯನಿಗೆ ಕಂಕಣ ಗ್ರಹಣ, ಅಂದರೆ ಚಂದ್ರ ಮುಚ್ಚಿದ ಮೇಲೂ ಸೂರ್ಯನ ಅಂಚು ಬಳೆಯಂತೆ ಉಳಿಯುವ ಗ್ರಹಣ. ಅರೇಬಿಯಾದ ಮರಳುಗಾಡಿನಿಂದ ಹೊರಟು ಸಮುದ್ರ ದಾಟಿ ಬರುವ ಚಂದ್ರನ ನೆರಳಿನ ಪಥ ಭಾರತದ ನೆಲವನ್ನು ಮುಟ್ಟುವುದು ನಮ್ಮದೇ ಕರಾವಳಿಯಲ್ಲಿ, ಅದರ ಮಧ್ಯರೇಖೆ ಹಾದುಹೋಗುವುದು ನಮ್ಮದೇ ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯ ಚೆರುವತ್ತೂರಿನ ಬಳಿ. ನಮ್ಮೂರಿನ ಅಂಗಳದಲ್ಲಿ ನಿಂತರೂ ಬಳೆ ಕಾಣುತ್ತಿತ್ತು, ಆದರೆ ಮಧ್ಯರೇಖೆಯ ಹತ್ತಿರ ಅದು ಹೆಚ್ಚು ಹೊತ್ತು, ಎಲ್ಲ ಕಡೆ ಸಮನಾದ ದಪ್ಪದಲ್ಲಿ ಕಾಣುವುದೆಂದು ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದ್ದೆವು. ಗ್ರಹಣದ ಹಿಂದಿನ ರಾತ್ರಿ ಆಕಾಶದಲ್ಲಿ ಚಂದ್ರನಿರುವುದಿಲ್ಲ. ಅಂಥ ಕತ್ತಲೆಯನ್ನು ವ್ಯರ್ಥ ಮಾಡಬಾರದೆಂದು ಮೊದಲ ಸಂಜೆಯನ್ನು ಬೆಟ್ಟಕ್ಕೆ ಮೀಸಲಿಟ್ಟೆ.

ಈ ಪ್ರವಾಸಕ್ಕೆ ನಿಜವಾದ ಕಾರಣ ಒಂದು ಪ್ರಶ್ನೆ. ಜೂನ್ ತಿಂಗಳಿನಲ್ಲಿ ಶಾಲೆ ಆರಂಭವಾದ ಹೊಸತರಲ್ಲಿ, ಹೊರಗೆ ಮಳೆ ಸುರಿಯುತ್ತಿದ್ದಾಗ, ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಾಷ್ಟ್ರೇ, ಇದು ಆರಿದ್ರಾ ಮಳೆ ಅಂತ ಅಜ್ಜಿ ಹೇಳಿದರು. ಆರಿದ್ರಾ ಅಂದರೆ ನಕ್ಷತ್ರ ಅಂತಲೂ ಹೇಳಿದರು. ಮೋಡ ಇಲ್ಲದಿದ್ದರೆ ಈಗ ಅದು ಕಾಣುತ್ತದೋ?” ಎಂದು ಕೇಳಿದ್ದಳು. ಕಾಣುವುದಿಲ್ಲ ಎಂದು ಉತ್ತರಿಸಿದೆ. ಏಕೆ ಎಂಬುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆನಾದರೂ ಅವಳ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ನಮ್ಮ ಮಕ್ಕಳಿಗೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂಬ ಹೆಸರುಗಳು ಮಳೆಯ ಹೆಸರುಗಳಾಗಿ, ಜಾತಕದ ಹೆಸರುಗಳಾಗಿ, ಗೋಡೆಗೆ ತೂಗುಹಾಕಿದ ಪಂಚಾಂಗದ ಅಕ್ಷರಗಳಾಗಿ ಬಾಯಿಪಾಠವಿವೆ. ಅವು ಆಕಾಶದ ವಿಳಾಸಗಳು ಎಂಬುದನ್ನು ಮಾತ್ರ ಯಾರೂ ಬೆರಳು ತೋರಿಸಿ ಹೇಳಿಕೊಟ್ಟಿಲ್ಲ. ಖಗೋಳ ವಿಜ್ಞಾನದ ಮೊದಲ ಪಾಠವನ್ನು ಗ್ರಹಗಳ ಪಟ್ಟಿಯಿಂದ ಆರಂಭಿಸುವ ನಮ್ಮ ಪದ್ಧತಿಗಿಂತ, ಅಜ್ಜಿ ಕೊಟ್ಟ ಈ ಹೆಸರುಗಳಿಂದ ಆರಂಭಿಸುವುದು ಮೇಲೆಂದು ನನಗೆ ಬಲವಾಗಿ ಅನ್ನಿಸಿದ್ದು ಅಂದು.

ಧರ್ಮತ್ತಡ್ಕದ ಕಡೆಯಿಂದ ಬೆಟ್ಟದ ಬುಡ ತಲಪಿ ಅಲ್ಲಿಂದ ನಡೆದೆವು. ಪೊಸಡಿಗುಂಪೆಯ ನೆತ್ತಿಯಲ್ಲಿ ಮರಗಳಿಲ್ಲ. ಮುರಕಲ್ಲಿನ ಮೇಲೆ ಒಣಗಿದ ಮುಳಿಹುಲ್ಲು, ಪಶ್ಚಿಮಕ್ಕೆ ತೋಟಗಳ ಆಚೆ ಸಮುದ್ರದ ಗೆರೆ, ಪೂರ್ವಕ್ಕೆ ಘಟ್ಟದ ಸಾಲು. ಎಲ್ಲ ದಿಕ್ಕಿಗೂ ಆಕಾಶ ತೆರೆದುಕೊಂಡಿದೆ.

ಸೂರ್ಯ ಮುಳುಗುವ ಮುನ್ನ, ಜೂನ್ ತಿಂಗಳ ಆ ಪ್ರಶ್ನೆಗೆ ಕರಿಹಲಗೆಯಿಲ್ಲದೆ ಉತ್ತರಿಸಲು ಪ್ರಯತ್ನಿಸಿದೆವು. ಒಬ್ಬ ಹುಡುಗನನ್ನು ನಡುವೆ ಸೂರ್ಯನಾಗಿ ನಿಲ್ಲಿಸಿ, ಪ್ರಶ್ನೆ ಕೇಳಿದ್ದ ಹುಡುಗಿಯನ್ನು ಅವನ ಸುತ್ತ ನಡೆಯುವ ಭೂಮಿಯನ್ನಾಗಿಸಿ, ಉಳಿದ ಒಂಬತ್ತು ಮಂದಿಯನ್ನು ದೂರದಲ್ಲಿ ದೊಡ್ಡ ವೃತ್ತವಾಗಿ ನಿಲ್ಲಿಸಿದೆ. ಒಬ್ಬನಿಗೆ ಆರ್ದ್ರೆ ಎಂದು ಹೆಸರಿಟ್ಟೆ, ಅವನ ನೇರ ಎದುರಿಗಿದ್ದವಳಿಗೆ ಮೂಲಾ ಎಂದು. ಹುಡುಗಿ ನಡೆಯುತ್ತ ನಡೆಯುತ್ತ, ಸೂರ್ಯನಾಗಿದ್ದ ಹುಡುಗನ ಬೆನ್ನ ಹಿಂದೆ ಆರ್ದ್ರೆ ಬರುವ ಜಾಗಕ್ಕೆ ತಲಪಿದಾಗ ತಾನಾಗಿಯೇ ನಿಂತಳು. “ಈಗ ಆರಿದ್ರಾ ಸೂರ್ಯನ ಹಿಂದೆ ಇದೆ. ಹಗಲು ಮಾತ್ರ ಮೇಲಿರುತ್ತದೆ,” ಎಂದಳು. ಆರಿದ್ರಾ ಮಳೆಯೆಂದರೆ ಸೂರ್ಯನು ಆರ್ದ್ರಾ ನಕ್ಷತ್ರದ ದಿಕ್ಕಿನಲ್ಲಿರುವ, ಜೂನ್ 22ರ ಸುಮಾರಿನಿಂದ ಜುಲೈ ಮೊದಲ ವಾರದವರೆಗಿನ ಎರಡು ವಾರಗಳು. 27 ನಕ್ಷತ್ರಗಳಲ್ಲಿ ಒಂದೊಂದನ್ನು ದಾಟಲು ಸೂರ್ಯನಿಗೆ 13 ಅಥವಾ 14 ದಿನ ಬೇಕು, ಒಂದು ಸುತ್ತು ಮುಗಿಯುವಾಗ ವರ್ಷವಾಗುತ್ತದೆ. ಆದ್ದರಿಂದ ಮಳೆ ತರುವ ಹೊತ್ತಿನಲ್ಲಿ ಆ ನಕ್ಷತ್ರವನ್ನು ಯಾರೂ ನೋಡಲಾರರು. ಅರ್ಧ ವರ್ಷ ಕಾದರೆ ಅದೇ ನಕ್ಷತ್ರ ಸಂಜೆ ಮೂಡಿ ಬೆಳಗಿನವರೆಗೂ ಆಕಾಶದಲ್ಲಿರುತ್ತದೆ. ಅಶ್ವಿನಿಯಿಂದ ಎಣಿಸಿದರೆ ಆರ್ದ್ರೆ 6ನೆಯದು, ಮೂಲಾ 19ನೆಯದು, ನಡುವಿನ ಅಂತರ 13. ಇಪ್ಪತ್ತೇಳರ ಅರ್ಧ ಹದಿಮೂರೂವರೆ. ಮರುದಿನದ ಪಂಚಾಂಗದಲ್ಲಿ “ಮಾರ್ಗಶಿರ ಅಮಾವಾಸ್ಯೆ, ಮೂಲಾ ನಕ್ಷತ್ರ” ಎಂದಿತ್ತು. ಸೂರ್ಯ, ಚಂದ್ರರಿಬ್ಬರೂ ಮೂಲಾ ನಕ್ಷತ್ರದಲ್ಲಿ ಇರುವುದಾದರೆ ಅದರ ಎದುರಿನ ಆರ್ದ್ರೆ ಈ ರಾತ್ರಿ ಎಲ್ಲಿರಬೇಕು ಎಂದು ಕೇಳಿದೆ. ಮೂರು ನಾಲ್ಕು ಕೈಗಳು ಒಟ್ಟಿಗೆ ಪೂರ್ವದ ಘಟ್ಟದ ಕಡೆಗೆ ಚಾಚಿದವು.

ಕತ್ತಲಾಗುತ್ತಿದ್ದಂತೆ ಪಶ್ಚಿಮದಲ್ಲಿ ಶುಕ್ರ ಮೊದಲು ಕಾಣಿಸಿತು. ಎಂಟು ಗಂಟೆಯ ಹೊತ್ತಿಗೆ ಕೃತ್ತಿಕೆಯ ಗೊಂಚಲು ಬಹಳ ಮೇಲೇರಿತ್ತು, ಅದರ ಕೆಳಗೆ ರೋಹಿಣಿ, ಇನ್ನೂ ಕೆಳಗೆ ಪೂರ್ವದಲ್ಲಿ ಮಹಾವ್ಯಾಧ (ಓರಿಯನ್) ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ ಮೂರು ನಕ್ಷತ್ರಗಳ ನಡುಪಟ್ಟಿ. ಸಪ್ತರ್ಷಿಗಳು ಇನ್ನೂ ಮೂಡದ ಹೊತ್ತಾದ್ದರಿಂದ ಕ್ಯಾಸಿಯೋಪಿಯಾ ನಕ್ಷತ್ರಪುಂಜದ ನೆರವಿನಿಂದ ಧ್ರುವ ನಕ್ಷತ್ರವನ್ನು ಹುಡುಕಿದೆವು. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮುಚ್ಚುತ್ತದೆ, ಒಂದು ಬೆರಳು ಸುಮಾರು 2 ಡಿಗ್ರಿಯನ್ನು. ದಿಗಂತದಿಂದ ಧ್ರುವ ಎಷ್ಟು ಎತ್ತರದಲ್ಲಿದೆಯೆಂದು ಅಳೆದಾಗ ಹೆಚ್ಚಿನವರಿಗೆ ಒಂದು ಮುಷ್ಟಿ ಮತ್ತು ಒಂದೆರಡು ಬೆರಳು ಬಂತು. ಭೂಪಟ ಪುಸ್ತಕದಲ್ಲಿ ಕಾಸರಗೋಡಿನ ಅಕ್ಷಾಂಶ 12.5 ಡಿಗ್ರಿ. ಧ್ರುವದ ಎತ್ತರವೇ ನಾವು ನಿಂತ ಜಾಗದ ಅಕ್ಷಾಂಶ ಎಂಬ ನಿಯಮವನ್ನು ನಾನು ಆ ಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅವರ ಅಳತೆಗಳು ನಿಯಮಕ್ಕೆ ತಕ್ಕಂತೆ ಬಾಗುತ್ತಿದ್ದವು.

ಆ ರಾತ್ರಿ ಆರ್ದ್ರೆಯಲ್ಲಿ ಒಂದು ವಿಶೇಷವಿತ್ತು. ಪಾಶ್ಚಾತ್ಯರು ಬೀಟಲ್‌ಜ್ಯೂಸ್ ಎಂದು ಕರೆಯುವ ಈ ಕೆಂಪು ಮಹಾದೈತ್ಯ ಸಾಮಾನ್ಯವಾಗಿ ರೋಹಿಣಿಗಿಂತ ಸ್ಪಷ್ಟವಾಗಿ ಹೆಚ್ಚು ಹೊಳೆಯುತ್ತದೆ. ಆದರೆ ಅದು ಮಂಕಾಗುತ್ತಿದೆಯೆಂದು ಖಗೋಳ ವಿಜ್ಞಾನಿಗಳು ಅದೇ ಡಿಸೆಂಬರಿನಲ್ಲಿ ವರದಿ ಮಾಡಿದ್ದರು. ನಾನು ಮಕ್ಕಳಿಗೆ ಏನನ್ನೂ ತಿಳಿಸದೆ, ರೋಹಿಣಿ ಮತ್ತು ಆರ್ದ್ರೆಗಳಲ್ಲಿ ಯಾವುದು ಪ್ರಕಾಶಮಾನ ಎಂದಷ್ಟೇ ಕೇಳಿದೆ. ಎಲ್ಲರೂ ರೋಹಿಣಿ ಎಂದರು. ಆರ್ದ್ರೆ ಇನ್ನೂ ಕೆಳಗಿರುವುದರಿಂದ ಅದರ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರಬೇಕು, ಆದ್ದರಿಂದ ಈ ಹೋಲಿಕೆ ನ್ಯಾಯವಲ್ಲ, ಕಾಯೋಣ ಎಂದೆ. ತಾಯಂದಿರು ತಂದಿದ್ದ ಅವಲಕ್ಕಿ, ಬಾಳೆಹಣ್ಣು ಹಂಚಿದರು. ಒಂಬತ್ತೂವರೆಗೆ ಆರ್ದ್ರೆ ಸಾಕಷ್ಟು ಮೇಲೆ ಬಂದಾಗಲೂ ಉತ್ತರ ಬದಲಾಗಲಿಲ್ಲ. ಅದರ ಬೆಳಕು ನಮ್ಮನ್ನು ತಲಪಲು 500 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುವುದರಿಂದ ನಾವು ನೋಡುತ್ತಿದ್ದ ಮಂಕು ಅಷ್ಟು ಹಳೆಯದು ಎಂದು ಹೇಳಿದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಹುಡುಗಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ದಿನಾಂಕ ಹಾಕಿ “ರೋಹಿಣಿ ಹೆಚ್ಚು, ಆರಿದ್ರಾ ಕಡಿಮೆ” ಎಂದು ಬರೆದುಕೊಂಡಳು. ಪ್ರತಿ ವಾರವೂ ಹೀಗೆ ಬರೆಯಲು ಅವಳಿಗೆ ಹೇಳಿದೆ.

ರಾತ್ರಿ ಕುಂಬಳೆಯ ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದೆವು. ಮನೆಯ ಹಿರಿಯಜ್ಜಿ ಬೆಳಿಗ್ಗೆ ಮಕ್ಕಳಿಗೆ ಬೇಗನೆ ಕಾಫಿ, ದೋಸೆ ಕೊಟ್ಟು, ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡದೆ ಊಟ ಮಾಡಬೇಡಿ ಎಂದು ಹೇಳಿ ಕಳುಹಿಸಿದರು. ನಾನು ಅವರೊಡನೆ ವಾದಕ್ಕೆ ಇಳಿಯಲಿಲ್ಲ. 1980ರ ಫೆಬ್ರವರಿ 16ರಂದು ಅಂಕೋಲಾ, ಗದಗ, ರಾಯಚೂರುಗಳ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋದ ಮಧ್ಯಾಹ್ನ ನನಗೆ ಹತ್ತು ವರ್ಷ. ನಮ್ಮ ಕಡೆ ಅದು ಪಾರ್ಶ್ವ ಗ್ರಹಣವಾಗಿದ್ದರೂ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಹಾಕಿ ನಮ್ಮನ್ನು ಒಳಗೆ ಕೂರಿಸಿದ್ದರು. ಆ ಕತ್ತಲೆಯ ಕೋಣೆಯಲ್ಲಿ ಕುಳಿತು ಕಳೆದುಕೊಂಡದ್ದು ಏನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಜ್ಜಿ ಈ ಮಕ್ಕಳನ್ನು ತಡೆಯಲಿಲ್ಲವಲ್ಲ, ಅಷ್ಟೇ ನನಗೆ ದೊಡ್ಡದಾಗಿತ್ತು.

ಚೆರುವತ್ತೂರಿಗೆ ನಾವು ಹತ್ತಿದ ರೈಲು ಕಾಸರಗೋಡು ದಾಟಿ, ಚಂದ್ರಗಿರಿ ಹೊಳೆ ದಾಟಿ, ಬೇಕಲ, ಹೊಸದುರ್ಗ, ನೀಲೇಶ್ವರಗಳನ್ನು ಹಿಂದಿಕ್ಕಿ, ತೇಜಸ್ವಿನಿ ಹೊಳೆಯ ಸೇತುವೆಯ ಮೇಲೆ ಬಂದಾಗ ಆಕಾಶದಲ್ಲಿ ಮೋಡವಿರಲಿಲ್ಲ. ಚೆರುವತ್ತೂರಿನ ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಮಲೆಯಾಳದಲ್ಲಿ ಇದಕ್ಕೆ ‘ವಲಯ ಗ್ರಹಣಂ’ ಎನ್ನುತ್ತಾರೆ. ಸಂಸ್ಕೃತದ ವಲಯ, ಕಂಕಣಗಳೆರಡೂ ಕೈಬಳೆಯ ಹೆಸರುಗಳೇ ಆದ್ದರಿಂದ ಎರಡು ಭಾಷೆಗಳೂ ಒಂದೇ ಆಭರಣವನ್ನು ಕಂಡಿವೆ.

ಗ್ರಹಣ ಕನ್ನಡಕಗಳನ್ನು ಹಿಂದಿನ ವಾರವೇ ಕೊಂಡಿದ್ದೆವು. ಹಾಕಿಕೊಂಡು ಉರಿಯುವ ಬಲ್ಬನ್ನು ನೋಡಿದಾಗ ಏನೂ ಕಾಣದಿದ್ದವುಗಳನ್ನು ಮಾತ್ರ ಇಟ್ಟುಕೊಂಡು, ಗೀರು ಬಿದ್ದು ಬೆಳಕು ಸೋರುತ್ತಿದ್ದ ಎರಡನ್ನು ಎಸೆದಿದ್ದೆ. ಬಳೆ ಮೂಡಿದಾಗಲೂ ಕನ್ನಡಕ ತೆಗೆಯಬಾರದೆಂದು ಮಕ್ಕಳಿಗೆ ಮತ್ತೆ ಮತ್ತೆ ಹೇಳಿದೆ, ಏಕೆಂದರೆ ಸೂರ್ಯನ ತಟ್ಟೆಯಲ್ಲಿ ನೂರಕ್ಕೆ ಸುಮಾರು 93 ಪಾಲು ಮುಚ್ಚಿದರೂ ಉಳಿದ ಅಂಚು ಕಣ್ಣಿನ ಒಳಪದರವನ್ನು ಸುಡಲು ಸಾಕು.

ಗ್ರಹಣ ಆರಂಭವಾಗುವ ಮುನ್ನ ಇನ್ನೊಂದು ಪಾಠವಾಯಿತು. ಚಂದ್ರನ ವ್ಯಾಸ 3,474 ಕಿಲೋಮೀಟರ್, ಸೂರ್ಯನದು ಸುಮಾರು 13.9 ಲಕ್ಷ ಕಿಲೋಮೀಟರ್. ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಹೇಗೆ ಮುಚ್ಚುತ್ತದೆ? ನಮ್ಮ ತೋಟದ 5 ಮಿಲಿಮೀಟರಿನ ಕರಿಮೆಣಸಿನ ಕಾಳು ಭೂಮಿಯಾದರೆ, ಸಣ್ಣ ಸಾಸಿವೆ ಕಾಳು ಚಂದ್ರ. ಅದನ್ನು ಮೆಣಸಿನಿಂದ 15 ಸೆಂಟಿಮೀಟರ್ ದೂರದಲ್ಲಿಡಬೇಕು. ಸೂರ್ಯನಿಗೆ 54 ಸೆಂಟಿಮೀಟರಿನ ಗೆರಸೆ ಬೇಕು, ಅದನ್ನು ಹಿಡಿದವನು 59 ಮೀಟರ್ ದೂರ ಹೋಗಿ ನಿಲ್ಲಬೇಕು. ರಟ್ಟಿನಲ್ಲಿ ಆ ಅಳತೆಯ ವೃತ್ತ ಕತ್ತರಿಸಿ ಹುಡುಗನೊಬ್ಬ ಮೈದಾನದ ಆ ತುದಿಗೆ ಓಡಿದ. ಒಂದು ಕಣ್ಣು ಮುಚ್ಚಿ, ಕಡ್ಡಿಯ ತುದಿಗೆ ಅಂಟಿಸಿದ ಸಾಸಿವೆಯನ್ನು ಇನ್ನೊಂದು ಕಣ್ಣಿನಿಂದ 15 ಸೆಂಟಿಮೀಟರಿನಲ್ಲಿ ಹಿಡಿದರೆ ರಟ್ಟು ಹೆಚ್ಚುಕಡಿಮೆ ಮರೆಯಾಗುತ್ತಿತ್ತು. ಸಾಸಿವೆ ಸ್ವಲ್ಪ ದೂರವಾದರೂ, ರಟ್ಟು ಸ್ವಲ್ಪ ಹತ್ತಿರ ಬಂದರೂ ಅಂಚು ಹೊರಗೆ ಇಣುಕುತ್ತಿತ್ತು. ಬಳೆಯ ಗುಟ್ಟು ಇದೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಆಗಿನ ದೂರ 14.7 ಕೋಟಿ ಕಿಲೋಮೀಟರ್. ಜುಲೈ ತಿಂಗಳಿನಲ್ಲಿ ಅದು 15.2 ಕೋಟಿ. ಆದ್ದರಿಂದ ಡಿಸೆಂಬರ್ ಕೊನೆಯ ಸೂರ್ಯ ತುಸು ದೊಡ್ಡದಾಗಿ ಕಾಣುತ್ತಾನೆ, ಅಂದಿನ ಚಂದ್ರ ಅವನನ್ನು ಪೂರ್ತಿ ಮುಚ್ಚುವಷ್ಟು ಹತ್ತಿರವಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ದೂರವಿರುತ್ತಾನೆಂದು ನಂಬಿದ್ದ ಮಕ್ಕಳಿಗೆ ಇದು ಗ್ರಹಣಕ್ಕಿಂತಲೂ ದೊಡ್ಡ ಆಶ್ಚರ್ಯವಾಗಿತ್ತು.

ಎಂಟು ಗಂಟೆ ದಾಟಿದ ಸ್ವಲ್ಪದರಲ್ಲಿ ಸೂರ್ಯನ ಮೇಲಂಚಿನಲ್ಲಿ ಸಣ್ಣ ಕಚ್ಚು ಕಾಣಿಸಿತು. ಸೂರ್ಯ ಚಂದ್ರರಿಬ್ಬರೂ ದಿನವಿಡೀ ಪಶ್ಚಿಮಕ್ಕೆ ಸಾಗುವಂತೆ ಕಂಡರೂ, ಚಂದ್ರ ತನ್ನ ಕಕ್ಷೆಯಲ್ಲಿ ಪೂರ್ವಕ್ಕೆ ಚಲಿಸುತ್ತ, ಸೂರ್ಯನಿಗೆ ಹೋಲಿಸಿದರೆ ಗಂಟೆಗೆ ಸುಮಾರು ಅರ್ಧ ಡಿಗ್ರಿಯಷ್ಟು, ಅಂದರೆ ತನ್ನದೇ ಅಗಲದಷ್ಟು, ಮುಂದೆ ಹೋಗುತ್ತಾನೆ. ಆದ್ದರಿಂದಲೇ ಕಚ್ಚು ಪಶ್ಚಿಮದ ಅಂಚಿನಲ್ಲಿ ಆರಂಭವಾಗುತ್ತದೆ, ಆದ್ದರಿಂದಲೇ ಮುಚ್ಚಲು ಒಂದು ಗಂಟೆಗೂ ಹೆಚ್ಚು ಸಮಯ ಬೇಕಾಗುತ್ತದೆ. ಮೈದಾನದ ಅಂಚಿನ ಗೇರು ಮರದ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಬೊಟ್ಟುಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ತಾಯಿಯೊಬ್ಬರು ಹಪ್ಪಳ ಕರಿಯುವ ತೂತಿನ ಸೌಟನ್ನು ತಂದಿದ್ದರು. ಅದರ ನೆರಳಿನಲ್ಲಿ ಹತ್ತಾರು ಸೂರ್ಯರು ಸಾಲಾಗಿ ಮೂಡಿದರು. ಪ್ರತಿದಿನವೂ ಮರದ ನೆರಳಿನಲ್ಲಿ ನಾವು ಕಾಣುವ ದುಂಡು ಬೊಟ್ಟುಗಳು ಸೂರ್ಯನ ಬಿಂಬಗಳೇ ಎಂಬುದು ಗ್ರಹಣದ ದಿನ ಮಾತ್ರ ನಮ್ಮ ಗಮನಕ್ಕೆ ಬರುತ್ತದೆ.

ಒಂಬತ್ತು ಗಂಟೆಯ ಮೇಲೆ ಬಿಸಿಲು ತೆಳುವಾಯಿತು. ಅದು ಸಂಜೆಯ ಬೆಳಕಲ್ಲ. ಸಂಜೆ ಕೆಂಪಾಗುತ್ತದೆ, ಇದು ಕೆಂಪಾಗದೆ ಬರಿದೇ ಕುಂದಿತು. ಗಾಳಿ ತಣ್ಣಗಾಯಿತು. 9.25ರ ಸುಮಾರಿಗೆ ಕುಡುಗೋಲಿನ ಎರಡು ತುದಿಗಳು ಬೇಗ ಬೇಗನೆ ಬಾಗಿ ಬಂದು ಒಂದನ್ನೊಂದು ಮುಟ್ಟಿದವು, ಬಳೆ ಪೂರ್ಣವಾಯಿತು. ಮೈದಾನದಲ್ಲಿ ಎದ್ದ ಕೂಗಿನಲ್ಲಿ ಕನ್ನಡ, ತುಳು, ಮಲೆಯಾಳಗಳು ಬೇರೆ ಬೇರೆಯಾಗಿ ಕೇಳಿಸಲಿಲ್ಲ. ಮೂರು ನಿಮಿಷಕ್ಕೂ ತುಸು ಹೆಚ್ಚು ಕಾಲ ಅದು ಹಾಗೆಯೇ ಇತ್ತು. ನಾನು ಏನನ್ನೂ ವಿವರಿಸಲಿಲ್ಲ. ಗೇರು ಮರದ ಕೆಳಗಿನ ನೆಲ ಬಳೆಗಳಿಂದ ತುಂಬಿದ್ದನ್ನು ನೋಡಲು ಇಬ್ಬರು ಮಕ್ಕಳು ಓಡಿದರು. ಪ್ರಶ್ನೆಯ ಹುಡುಗಿ ಕನ್ನಡಕ ತೆಗೆಯದೆ, “ಮಾಷ್ಟ್ರೇ, ಇದರ ಹಿಂದೆಯೇ ಅಲ್ಲವೋ ಮೂಲಾ?” ಎಂದು ಕೇಳಿದಳು. ಹೌದೆಂದೆ. ಅವಳು ಹಿಂದಿರುಗಿ, ನೆಲದ ಕಡೆಗೆ, ಆರ್ದ್ರೆ ಭೂಮಿಯ ಆ ಬದಿಯಲ್ಲಿರುವ ದಿಕ್ಕಿಗೆ ಬೆರಳು ತೋರಿಸಿದಳು.

ಆರ್ದ್ರೆಯ ಲೆಕ್ಕವನ್ನು ಅವಳು ಬಿಡಲಿಲ್ಲ. 2020ರ ಫೆಬ್ರವರಿ ನಡುವಿನ ಟಿಪ್ಪಣಿಯಲ್ಲಿ “ಮಹಾವ್ಯಾಧನ ಎರಡು ಭುಜಗಳೂ ಸಮ” ಎಂದಿದೆ. ಆ ಭುಜಗಳಲ್ಲಿ ಒಂದು ಆರ್ದ್ರೆ, ಅಷ್ಟು ಕುಂದಿತ್ತು ಅದು. ಚಿಲಿ ದೇಶದ ಬೃಹತ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಆ ನಕ್ಷತ್ರದ ದಕ್ಷಿಣ ಭಾಗವೇ ಮಸುಕಾಗಿತ್ತು. ನಕ್ಷತ್ರ ತಾನೇ ಹೊರಚೆಲ್ಲಿದ ಅನಿಲ ತಣಿದು ಧೂಳಾಗಿ ಅಡ್ಡ ನಿಂತದ್ದು ಇದಕ್ಕೆ ಕಾರಣವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ವಿವರಿಸಿತು. ಮಾರ್ಚ್ ತಿಂಗಳಿನಲ್ಲಿ ಶಾಲೆಗಳು ಮುಚ್ಚಿದವು, ಮಕ್ಕಳೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಉಳಿದರು. ಏಪ್ರಿಲ್ ಕೊನೆಯ ಒಂದು ಸಂಜೆ, ಮಹಾವ್ಯಾಧ ಪಶ್ಚಿಮಕ್ಕೆ ಇಳಿಯುತ್ತಿದ್ದ ಹೊತ್ತಿನಲ್ಲಿ, ಅವಳು ತಾಯಿಯ ಫೋನಿನಿಂದ ಕರೆ ಮಾಡಿ, “ಮಾಷ್ಟ್ರೇ, ಆರಿದ್ರಾ ಸರಿಯಾಯಿತು, ರೋಹಿಣಿಯಿಂದ ಜಾಸ್ತಿ ಉಂಟು,” ಎಂದಳು. ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಅಂಗಳಕ್ಕೆ ಇಳಿದು ನೋಡಿದೆ.