‘ಅವರು’ ಎನ್ನುವ ಮರ್ಯಾದೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಪೋರ್ಟ್‌ಲ್ಯಾಂಡಿನ ನಮ್ಮ ಬಡಾವಣೆಯ ಅಂಗಳಗಳಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರಗಳು ಎದ್ದು ನಿಲ್ಲುತ್ತವೆ. ಹ್ಯಾಲೋವೀನ್‌ಗೆ ಮಕ್ಕಳು ದೆವ್ವ, ಮಾಟಗಾತಿಯರ ವೇಷ ಹಾಕುವುದು ನನಗೂ ಇಷ್ಟವೇ. ಆದರೆ ಇಲ್ಲಿಗೆ ಬಂದ ಮೊದಲ ವರ್ಷ, ಅಂಗಡಿಯೊಂದರಲ್ಲಿ ಬೇರೊಂದು ವೇಷ ತೂಗುತ್ತಿತ್ತು. ಉದ್ದ ತೋಳುಗಳನ್ನು ಬೆನ್ನ ಹಿಂದೆ ಬಿಗಿಯುವ ಬಿಳಿ ಅಂಗಿ, ಅದರ ಮೇಲೆ ಕೆಂಪು ಬಣ್ಣದ ರಕ್ತದ ಕಲೆ. ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡವನ ವೇಷವಂತೆ. ನನಗೆ ನಮ್ಮ ದೊಡ್ಡಪ್ಪನ ನೆನಪಾಗಿ, ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

ಇಂಥದ್ದನ್ನು ಎಲ್ಲರೂ ಸುಮ್ಮನೆ ಸಹಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. 2013ರಲ್ಲಿ ಬ್ರಿಟನ್ನಿನ ಎರಡು ದೊಡ್ಡ ಮಳಿಗೆಗಳು ಜನರ ಸಿಟ್ಟಿಗೆ ಮಣಿದು ಇಂಥ ವೇಷಗಳ ಮಾರಾಟವನ್ನು ನಿಲ್ಲಿಸಿ ಕ್ಷಮೆ ಕೇಳಿದ್ದವು. 2016ರಲ್ಲಿ ಕ್ಯಾಲಿಫೋರ್ನಿಯಾದ ಮನರಂಜನಾ ಉದ್ಯಾನವೊಂದು ಮನೋರೋಗಿಯನ್ನು ಭೂತದಂತೆ ತೋರಿಸಿದ ಆಟವನ್ನು ಕೆಲವೇ ದಿನಗಳಲ್ಲಿ ಮುಚ್ಚಬೇಕಾಯಿತು. ಪ್ರತಿಭಟಿಸಿದವರಲ್ಲಿ ಆ ಕಾಯಿಲೆಯವರ ಮನೆಮಂದಿಯೇ ಮುಂದಿದ್ದರು.

ಕಳೆದ ತಿಂಗಳು ಒಂದು ಶನಿವಾರ ಸೇಲಂಗೆ ಹೋಗಿದ್ದೆ. ತಮಿಳುನಾಡಿನದಲ್ಲ, ಆರೆಗನ್ ರಾಜ್ಯದ ರಾಜಧಾನಿ. ಅಲ್ಲಿ 1883ರಲ್ಲಿ ತೆರೆದ ಮಾನಸಿಕ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ. ಹೊಸ ಕಟ್ಟಡಗಳಲ್ಲಿ ಚಿಕಿತ್ಸೆ. ಹಳೆಯ ಇಟ್ಟಿಗೆ ಕಟ್ಟಡದ ಒಂದು ಭಾಗದಲ್ಲಿ 2012ರಿಂದ ವಸ್ತುಸಂಗ್ರಹಾಲಯ. ಬೆಳಕು, ಗಾಳಿ, ತೋಟದ ಕೆಲಸಗಳೂ ಚಿಕಿತ್ಸೆಯೇ ಎಂದು ನಂಬಿದ್ದ ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯನ ವಿನ್ಯಾಸದಂತೆ ಕಟ್ಟಿದ್ದು ಅದು. ಕಿಟಕಿಗಳನ್ನು ನೋಡಿದರೆ ಆ ನಂಬಿಕೆ ಸುಳ್ಳಲ್ಲ ಎನ್ನಿಸುತ್ತದೆ. ಆಮೇಲೆ ಜನ ಹೆಚ್ಚಿದರು. 1950ರ ದಶಕದ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿದ್ದರು. ಎಲ್ಲರೂ ಮನೋರೋಗಿಗಳೇ ಎಂದುಕೊಳ್ಳಬೇಡಿ. ಮೂರ್ಛೆರೋಗದವರು, ವಯಸ್ಸಾಗಿ ಮರೆವು ಬಂದವರು, ಕುಡಿತಕ್ಕೆ ಬಿದ್ದವರು, ಹೋಗಲು ಬೇರೆ ಜಾಗವಿಲ್ಲದವರೂ ಇಂಥ ಆಸ್ಪತ್ರೆಗಳಿಗೆ ಸೇರುತ್ತಿದ್ದ ಕಾಲವದು.

ಸಂಗ್ರಹಾಲಯದಲ್ಲಿದ್ದ ವಯಸ್ಸಾದ ಸ್ವಯಂಸೇವಕಿಯೊಬ್ಬರನ್ನು, ಇಲ್ಲಿ ಒಟ್ಟು ಎಷ್ಟು ಜನರನ್ನು ಕೂಡಿಹಾಕಿದ್ದರು ಎಂದು ಕೇಳಿದೆ. ಅವರು ನಕ್ಕರು, ಆದರೆ ಮಾತನ್ನು ತಿದ್ದಿದರು: “ಇಲ್ಲಿ ಎಷ್ಟು ಜನ ಬದುಕಿದ್ದರು ಎಂದು ಕೇಳಿ.” ಆಸ್ಪತ್ರೆಯ ಒಳ್ಳೆಯದನ್ನೂ ಕೆಟ್ಟದ್ದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಇಲ್ಲಿ ದೆವ್ವವಿದೆಯೇ ಎಂದು ಕೇಳುವವರಿಗೆ ಮಾತ್ರ ಉತ್ತರಿಸುವುದಿಲ್ಲವಂತೆ.

ಹೊರಗೆ ಸ್ಮಾರಕವಿದೆ. ಅದರ ಕಥೆಯನ್ನು ಓದಿಕೊಂಡೇ ಹೋಗಿದ್ದರೂ ಎದುರು ನಿಂತಾಗ ಮಾತು ಹೊರಡಲಿಲ್ಲ. 1914ರಿಂದ 1970ರ ದಶಕದವರೆಗೆ ಇಲ್ಲಿ ದಹನವಾದ, ಯಾರೂ ಬಂದು ಕೇಳದ ಸುಮಾರು 3,500 ಜನರ ಬೂದಿಯನ್ನು ತಾಮ್ರದ ಡಬ್ಬಿಗಳಲ್ಲಿ ಇಟ್ಟಿದ್ದರು. ಹೆಚ್ಚಿನವರು ಈ ಆಸ್ಪತ್ರೆಯವರು, ಕೆಲವರು ರಾಜ್ಯದ ಬೇರೆ ಸಂಸ್ಥೆಗಳಲ್ಲಿ ತೀರಿಕೊಂಡವರು. ನೀರು ತಾಗಿ ತಾಮ್ರಕ್ಕೆ ಹಸಿರು, ನೀಲಿ ಕಿಲುಬು ಹಿಡಿದಿತ್ತು. ಡಬ್ಬಿಯ ಮೇಲೆ ಕೊರೆದದ್ದು ಸಂಖ್ಯೆ. 2004ರಲ್ಲಿ ಆಸ್ಪತ್ರೆ ನೋಡಲು ಬಂದ ಶಾಸಕರ ಕಣ್ಣಿಗೆ ಈ ಡಬ್ಬಿಗಳ ಕೋಣೆ ಬಿದ್ದ ಮೇಲೆ ರಾಜ್ಯಕ್ಕೆ ನಾಚಿಕೆಯಾಯಿತು. ಹೆಸರು, ಹುಟ್ಟಿದ ದಿನ, ಸತ್ತ ದಿನಗಳ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಇಟ್ಟರು. 2014ರಲ್ಲಿ ಸ್ಮಾರಕವಾಯಿತು. ನೂರಾರು ಕುಟುಂಬಗಳು ಬಂದು ತಮ್ಮವರನ್ನು ಕೊಂಡೊಯ್ದಿವೆ. ಅಂದರೆ ಆ ನೂರಾರು ಜನರಿಗೆ ಬಂಧುಗಳು ಇದ್ದೇ ಇದ್ದರು.

ಸ್ಮಾರಕದ ಗೋಡೆಯ ಮುಂದೆ ನಿಂತು ಹೆಸರುಗಳನ್ನು ಓದುತ್ತಿದ್ದಾಗ ನನಗೆ ನಮ್ಮ ಭಾಷೆಯದೇ ಒಂದು ಸಂಗತಿ ಹೊಳೆಯಿತು. ಇಂಗ್ಲಿಷಿನಲ್ಲಿ ಇಲ್ಲದ ಬಹುವಚನದ ಮರ್ಯಾದೆ ನಮ್ಮಲ್ಲಿದೆ. ಮನಸ್ಸಿನ ಕಾಯಿಲೆ ಬಂದಾಗ ನಾವು ಮೊದಲು ಕಿತ್ತುಕೊಳ್ಳುವುದು ಅದನ್ನೇ. ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರ ಎದುರು ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದವರೇ, ಕಾಯಿಲೆ ಬಂದು ಆರು ತಿಂಗಳಾಗುವಷ್ಟರಲ್ಲಿ “ಈಗ ಹೇಗಿದ್ದಾನೆ?” ಎಂದು ಕೇಳತೊಡಗಿದರು. ಅದೂ ಅವರು ಪಕ್ಕದ ಕುರ್ಚಿಯಲ್ಲೇ ಕುಳಿತಿರುವಾಗ. ಸಕ್ಕರೆ ಕಾಯಿಲೆಯೋ ಹೃದಯಾಘಾತವೋ ಆಗಿದ್ದರೆ ಯಾರಾದರೂ ಹಾಗೆ ಕೇಳುತ್ತಿದ್ದರೇ? ದೊಡ್ಡಮ್ಮ ಮಾತ್ರ ಪ್ರತಿಸಲವೂ ಒಂದೇ ದನಿಯಲ್ಲಿ ಹೇಳುತ್ತಿದ್ದರು: “ಅವರು ಚೆನ್ನಾಗಿದ್ದಾರೆ.” ಅವರು ಎಂಬಲ್ಲಿ ಕೊಂಚ ಒತ್ತು. ಚಿಕ್ಕವಳಾಗಿದ್ದ ನನಗೆ ಅದು ಗಂಡನ ಬಗ್ಗೆ ಹೆಂಡತಿಯಾಡುವ ರೂಢಿಯ ಮಾತಾಗಿ ಕೇಳಿಸಿತ್ತು. ಅವರು ಒಬ್ಬರೇ ಇಡೀ ಬೀದಿಯನ್ನು ತಿದ್ದುತ್ತಿದ್ದರು ಎಂದು ಈಗ ಅರ್ಥವಾಗುತ್ತದೆ. ಔಷಧಿ ಹಿಡಿಸಿ ದೊಡ್ಡಪ್ಪ ಮತ್ತೆ ಮಕ್ಕಳಿಗೆ ಮನೆಪಾಠ ಹೇಳುವಂತಾದರೂ, ಒಮ್ಮೆ ಹೋದ ಬಹುವಚನ ಕೆಲವರ ಬಾಯಿಗೆ ಮರಳಲೇ ಇಲ್ಲ.

ನಾನೂ ಮರ್ಯಾದೆಯಿಂದಿದ್ದೆ ಎಂದು ಹೇಳಲಾರೆ. ಕಾಲೇಜಿನಲ್ಲಿ ಗೆಳತಿಯರು ಮನೆಗೆ ಬರುತ್ತೇವೆಂದರೆ ನೆಪ ಹೇಳಿ ತಪ್ಪಿಸುತ್ತಿದ್ದೆ. ಕಾಯಿಲೆಯ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ.

ಅಂದು ಸಂಜೆ ಮನೆಗೆ ಬಂದವಳೇ ಫೋನ್ ಮಾಡಿದೆ. ದೊಡ್ಡಮ್ಮ ಎತ್ತಿಕೊಂಡರು. ನೋಡಿದ್ದನ್ನೆಲ್ಲ ಹೇಳಿ, ಇಷ್ಟು ವರ್ಷ ಕೇಳದ ಪ್ರಶ್ನೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“ನನ್ನನ್ನೇಕೆ ಕೇಳುತ್ತೀಯೆ? ಇಲ್ಲೇ ಇದ್ದಾರೆ, ಅವರನ್ನೇ ಕೇಳು,” ಎಂದು ಫೋನನ್ನು ದೊಡ್ಡಪ್ಪನ ಕೈಗೆ ಕೊಟ್ಟರು.

“ಇಲ್ಲಿ ಬೆಳಿಗ್ಗೆ ಎಂಟು,” ಎಂದರು ದೊಡ್ಡಪ್ಪ. “ಅದರಲ್ಲಿ ಹನ್ನೆರಡೂವರೆ ತಾಸು ಕಳೆದರೆ ನಿನಗೆ ಇನ್ನೂ ನಿನ್ನೆಯ ಸಂಜೆ ಏಳೂವರೆ. ಊಟಕ್ಕೆ ಮುಂಚೆ ಸಮಯವಿದೆ, ಕೇಳಮ್ಮ.”