ಗೆಸ್ಟ್ ಪೋಸ್ಟ್ ಬರೀರಿ, ಆದ್ರೆ ನಿಮ್ಮ ಏರಿಯಾದವ್ರು ಓದೋ ಕಡೆ ಬರೀರಿ

ಗೂಗಲ್ ಮ್ಯಾಪ್ಸಲ್ಲಿ ಅಂಗಡಿ ಹೆಸರು ಹಾಕಿ ಫೋನ್ ನಂಬರ್ ಕೊಟ್ರೆ ಸಾಕು, ಸ್ವಲ್ಪ ದಿನದಲ್ಲೇ ವಾಟ್ಸಾಪಿಗೆ ಮೆಸೇಜ್ ಶುರುವಾಗತ್ತೆ. ಸಾರ್, ಡಿಎ 60 ಇರೋ ಸೈಟಲ್ಲಿ ಗೆಸ್ಟ್ ಪೋಸ್ಟ್, ಡೂಫಾಲೋ ಲಿಂಕ್, ಪರ್ಮನೆಂಟ್, ಹತ್ತು ತಗೊಂಡ್ರೆ ಎರಡು ಫ್ರೀ. ಗೆಸ್ಟ್ ಪೋಸ್ಟ್ ಅಂದ್ರೆ ಬೇರೆಯವ್ರ ಸೈಟಿಗೆ ನೀವು ಬರ್ದುಕೊಡೋ ಲೇಖನ, ಅದರಲ್ಲಿ ನಿಮ್ಮ ಸೈಟಿಗೆ ಒಂದು ಲಿಂಕ್ ಇರತ್ತೆ; ಡೂಫಾಲೋ ಅಂದ್ರೆ ಗೂಗಲ್ ಲೆಕ್ಕಕ್ಕೆ ತಗೊಳ್ಳೋ ಲಿಂಕ್. ನಾನು ಬೆಂಗಳೂರಲ್ಲಿ ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಕೆಲಸ ಮಾಡ್ಕೊಡೋನು, ನನ್ ಕಸ್ಟಮರ್‌ಗಳೆಲ್ಲ ಈ ಮೆಸೇಜ್ ಫಾರ್ವರ್ಡ್ ಮಾಡಿ ‘ಇದು ತಗೊಳ್ಳೋಣ್ವಾ’ ಅಂತ ಕೇಳ್ತಾರೆ. ಬೇಡ ಅಂತೀನಿ. ಆಮೇಲೆ ಅದೇ ಬಾಯಲ್ಲಿ ‘ಗೆಸ್ಟ್ ಪೋಸ್ಟ್ ಮಾತ್ರ ಬರೀಲೇಬೇಕು’ ಅಂತನೂ ಅಂತೀನಿ, ಅವರಿಗೆ ತಲೆ ಕೆಡತ್ತೆ. ಅದಕ್ಕೇ ಒಂದ್ಸಲ ಪೂರ್ತಿ ಬರ್ದು ಇಟ್ಬಿಡೋಣ ಅಂತ ಕೂತೆ.

ಮೊದ್ಲು ಡಿಎ ವಿಷಯ ಮುಗಿಸ್ಬಿಡ್ತೀನಿ. ಡಿಎ, ಅಂದ್ರೆ ಡೊಮೇನ್ ಅಥಾರಿಟಿ ಅನ್ನೋದು ಒಂದು ಸೈಟಿಗೆ ಎಷ್ಟು ತೂಕ ಇದೆ ಅಂತ ಮಾಝ್ ಅನ್ನೋ ಕಂಪನಿ ಲೆಕ್ಕ ಹಾಕಿ ಕೊಡೋ ನಂಬರು, ಗೂಗಲ್ಲಿಂದಲ್ಲ, ಗೂಗಲ್ ಅದನ್ನ ರ‍್ಯಾಂಕಿಂಗಿಗೆ ಬಳಸೋದೂ ಇಲ್ಲ. ನಂಬರು ಏರಿಸೋಕೆ ಅಂತಲೇ ಸೈಟ್ ಕಟ್ಟಿ ಮಾರೋರು ಬೇಕಾದಷ್ಟು ಜನ ಇದ್ದಾರೆ. ಬೆಳಗ್ಗೆ ಕ್ರಿಪ್ಟೋ, ಮಧ್ಯಾಹ್ನ ಕೂದಲು ಉದುರೋದಕ್ಕೆ ಎಣ್ಣೆ, ಸಾಯಂಕಾಲ ದುಬೈ ಟೂರು, ಎಲ್ಲದರ ಬಗ್ಗೆನೂ ಒಂದೇ ಸೈಟಲ್ಲಿ ಲೇಖನ ಇದ್ರೆ ಅದನ್ನ ಓದೋ ಮನುಷ್ಯ ಯಾರು ಹೇಳಿ?

ಲೋಕಲ್ ಸರ್ಚಲ್ಲಿ ಮೇಲೆ ಬರೋಕೆ ಮೂರು ವಿಷಯ ನೋಡ್ತೀವಿ ಅಂತ ಗೂಗಲ್ಲೇ ತನ್ನ ಹೆಲ್ಪ್ ಪೇಜಲ್ಲಿ ಬರ್ದಿದೆ: ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಎಷ್ಟು ಸಂಬಂಧ, ಹುಡುಕ್ತಿರೋರಿಂದ ನೀವು ಎಷ್ಟು ದೂರ, ನೀವು ಎಷ್ಟು ಹೆಸರುವಾಸಿ. ದೂರದ ವಿಷಯದಲ್ಲಿ ಗೆಸ್ಟ್ ಪೋಸ್ಟ್ ಏನೂ ಮಾಡಲ್ಲ. ಬನಶಂಕರಿಲಿರೋ ಅಂಗಡಿ ಹೆಬ್ಬಾಳದಲ್ಲಿ ನಿಂತು ಹುಡುಕೋನಿಗೆ ಮ್ಯಾಪಲ್ಲಿ ಮೇಲೆ ಕಾಣೋದು ಕಷ್ಟ, ನೀವು ಎಷ್ಟೇ ಲಿಂಕ್ ತಗೊಂಡ್ರೂ ಅಷ್ಟೇ, ಅದರಲ್ಲೂ ಗೂಗಲ್ಲಿನ 2021ರ ಡಿಸೆಂಬರ್ ಅಪ್‌ಡೇಟ್ ಆದ್ಮೇಲಂತೂ ಹತ್ರ ಇರೋರಿಗೇ ಇನ್ನೂ ಜಾಸ್ತಿ ಮಣೆ. ಗೆಸ್ಟ್ ಪೋಸ್ಟ್ ಕೆಲಸ ಮಾಡೋದು ಆ ಮೂರನೇದ್ರಲ್ಲಿ. ಬೇರೆ ಸೈಟುಗಳಲ್ಲಿ ನಿಮ್ಮ ಬಗ್ಗೆ ಏನಿದೆ, ಯಾವ ಲೇಖನದಲ್ಲಿ ಹೆಸರು ಬಂದಿದೆ, ಯಾರು ಲಿಂಕ್ ಕೊಟ್ಟಿದ್ದಾರೆ ಇದೆಲ್ಲ ಅಲ್ಲಿ ಲೆಕ್ಕಕ್ಕೆ ಬರತ್ತೆ. ಹುಡುಕಿದಾಗ ಮ್ಯಾಪ್ ಜೊತೆ ಅಂಗಡಿ ತೋರಿಸೋ ಬಾಕ್ಸಲ್ಲಿ 2015ರಿಂದ ಮೂರೇ ಅಂಗಡಿ ಕಾಣೋದು, ಮುಂಚೆ ಏಳಿತ್ತು. ಅದರ ಕೆಳಗೆ ಬರೋ ಮಾಮೂಲಿ ರಿಸಲ್ಟುಗಳಲ್ಲಿ ದೂರದ ಕಾಟ ಅಷ್ಟಿಲ್ಲ, ಲಿಂಕಿಗೆ ಬೆಲೆ ಜಾಸ್ತಿ. ಹಾಗಾಗಿ ಜಯನಗರದೋರು, ಜೇಪಿ ನಗರದೋರು ನಿಮ್ಮನ್ನ ಕಂಡ್ಕೊಳ್ಳೋ ದಾರಿ ಬಹಳ ಸಲ ಅದೇ ಆಗಿರತ್ತೆ.

‘ಗೆಸ್ಟ್ ಬ್ಲಾಗಿಂಗ್ ಸತ್ತೋಯ್ತು’ ಅಂತ ಹೇಳೋರೂ ಇದ್ದಾರೆ. ಆ ಮಾತು ಹುಟ್ಟಿದ್ದು 2014ರ ಜನವರಿಯಲ್ಲಿ, ಗೂಗಲ್ಲಿನ ವೆಬ್‌ಸ್ಪ್ಯಾಮ್ (ಮೋಸ ಮಾಡಿ ಮೇಲೆ ಬರೋ ಸೈಟುಗಳನ್ನ ಹಿಡಿಯೋ) ಟೀಮ್ ನೋಡ್ಕೋತಿದ್ದ ಮ್ಯಾಟ್ ಕಟ್ಸ್ ತನ್ನ ಬ್ಲಾಗಲ್ಲಿ ಲಿಂಕಿಗೋಸ್ಕರ ಗೆಸ್ಟ್ ಪೋಸ್ಟ್ ಮಾಡೋದು ನಿಲ್ಸಿ ಅಂತ ಬರೆದಾಗ. ಎರಡು ತಿಂಗಳಿಗೆ ಮೈಬ್ಲಾಗ್‌ಗೆಸ್ಟ್ ಅನ್ನೋ ದೊಡ್ಡ ಗೆಸ್ಟ್ ಪೋಸ್ಟ್ ಸಂತೆಗೆ ಪೆನಾಲ್ಟಿನೂ ಬಿತ್ತು. ಆದ್ರೆ ಮ್ಯಾಟ್ ಕಟ್ಸೇ ತಮ್ಮ ಮಾತನ್ನ ವಿವರಿಸಿದ್ರು, ನಾನು ಹೇಳಿದ್ದು ಎಸ್‌ಇಒಗೋಸ್ಕರ, ಅಂದ್ರೆ ಬರೀ ಸರ್ಚಲ್ಲಿ ಮೇಲೆ ಬರಲಿ ಅಂತ ಮಾಡೋ ಗೆಸ್ಟ್ ಪೋಸ್ಟ್ ಬಗ್ಗೆ, ಹೊಸ ಓದುಗರು ಸಿಗಲಿ ಅಂತ ಒಳ್ಳೇ ಜಾಗದಲ್ಲಿ ಬರೆಯೋದರ ಬಗ್ಗೆ ಅಲ್ಲ ಅಂತ. 2017ರಲ್ಲಿ ಗೂಗಲ್ ಮತ್ತೆ ಎಚ್ಚರಿಸ್ತು, 2019ರಲ್ಲಿ ದುಡ್ಡು ಕೊಟ್ಟ ಲಿಂಕಿಗೆ ಸ್ಪಾನ್ಸರ್ಡ್ ಅಂತ ಬೇರೆ ಟ್ಯಾಗ್ ತಂತು, 2024ರಲ್ಲಿ ಹೆಸರಿರೋ ಸೈಟಿನ ಮರ್ಯಾದೆ ಬಳಸ್ಕೊಂಡು ಹೊರಗಿನವ್ರು ಕಂಟೆಂಟ್ ತುಂಬೋದರ ಮೇಲೂ ಪಾಲಿಸಿ ಬಂತು. ಹತ್ತು ವರ್ಷದಿಂದ ಗೂಗಲ್ ಹೇಳ್ತಿರೋದು ಒಂದೇ ಮಾತು, ನಾವು ಕೇಳಿಸ್ಕೊಳ್ತಿಲ್ಲ ಅಷ್ಟೇ.

ಈಗ ನನ್ನ ಫ್ರೆಂಡ್ ಅಂಗಡಿ ಕಥೆ ಹೇಳ್ತೀನಿ. ಬನಶಂಕರಿ ಸೆಕೆಂಡ್ ಸ್ಟೇಜಲ್ಲಿ ಟೆರೇಸ್ ಗಾರ್ಡನ್ ಸಾಮಾನು ಮಾರ್ತಾನೆ, ಪಾಟು, ಕೋಕೋಪೀಟು, ಬೇವಿನ ಹಿಂಡಿ, ಬೀಜ. ಬೆಂಗಳೂರಲ್ಲಿ ತಾರಸಿ ತೋಟದ ಹುಚ್ಚು ಎಷ್ಟಿದೆ ಅಂದ್ರೆ ಲಾಲ್‌ಬಾಗ್ ಫ್ಲವರ್ ಶೋ ಟೈಮಲ್ಲಿ, ಅಂದ್ರೆ ಜನವರಿ ಮತ್ತೆ ಆಗಸ್ಟಲ್ಲಿ, ಅಂಗಡಿಲಿ ಕಾಲಿಡೋಕೆ ಜಾಗ ಇರಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ: ಅಂಗಡಿ ಬಗ್ಗೆ ಒಂದಕ್ಷರ ಬರೀಬೇಡ, ಕೌಂಟರ್ ಮುಂದೆ ನಿಂತು ಜನ ಏನು ಕೇಳ್ತಾರೋ ಅದನ್ನ ಬರಿ. ಅವನು ಬರೆದದ್ದು ದಾಸವಾಳಕ್ಕೆ ಹತ್ತೋ ಬಿಳೀ ಹಿಟ್ಟು ತಿಗಣೆ ಬಗ್ಗೆ. ಮಳೆ ನಿಂತು ಬಿಸಿಲೇರೋಕೆ ಶುರುವಾದ್ಮೇಲೆ ಅದು ಯಾಕೆ ಜಾಸ್ತಿ ಆಗತ್ತೆ, ಇರುವೆಗಳು ಅದರ ಸಿಹಿ ಅಂಟಿಗೋಸ್ಕರ ಅದನ್ನ ಕೊಂಬೆಯಿಂದ ಕೊಂಬೆಗೆ ಹೊತ್ಕೊಂಡು ಹೋಗೋದು, ಹಾಗಾಗಿ ಇರುವೆ ತಡೀದೆ ಎಷ್ಟು ಸ್ಪ್ರೇ ಹೊಡೆದ್ರೂ ಪ್ರಯೋಜನ ಇಲ್ಲ, ಮೊದ್ಲು ಪೈಪಲ್ಲಿ ಜೋರಾಗಿ ನೀರು ಬಿಟ್ಟು ತೊಳೀಬೇಕು, ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಬೆರೆಯೋಕೆ ಒಂದೆರಡು ಹನಿ ಸೋಪ್ ನೀರು, ಸಂಜೆ ಹೊತ್ತು ಎಲೆ ಅಡಿಗೂ ಹೊಡೀಬೇಕು, ಇದೆಲ್ಲ ಫೋಟೋ ಸಮೇತ. ಅದು ಹೋಗಿದ್ದು ಪದ್ಮನಾಭನಗರದ ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೈಟಿಗೆ. ಡಿಎ ನೋಡಿದ್ರೆ ನಗು ಬರತ್ತೆ. ಆದ್ರೆ ಅದನ್ನ ಓದೋರೆಲ್ಲ ಅಂಗಡಿಯಿಂದ ಆಟೋ ಮಿನಿಮಮ್ ಚಾರ್ಜಿಗಿಂತ ಸ್ವಲ್ಪ ಮೇಲೆ ಅಷ್ಟೇ ದೂರದಲ್ಲಿರೋರು, ಎಲ್ರ ಬಾಲ್ಕನಿಲೂ ದಾಸವಾಳ ಇದೆ!

ಅಲ್ಲಿಂದ ಗ್ರೂಪಿಗೆ ಗ್ರೂಪ್ ಫಾರ್ವರ್ಡ್ ಆಗಿ, ಜನ ಮೊಬೈಲಲ್ಲಿ ಆ ಫೋಟೋ ತೆಗೆದಿಟ್ಕೊಂಡು ‘ಇದಕ್ಕೆ ಏನೋ ಎಣ್ಣೆ ಅಂದಿದ್ರಲ್ಲ’ ಅಂತ ಅಂಗಡಿಗೆ ಬರೋಕೆ ಶುರು ಮಾಡಿದ್ರು. ಅದರಲ್ಲಿ ಕೆಲವರು ಮನೆಗೆ ಹೋಗಿ ರಿವ್ಯೂ ಹಾಕಿದ್ರು, ರಿವ್ಯೂಲಿ ಅವರಾಗೇ ‘ಟೆರೇಸ್ ಗಾರ್ಡನ್’, ‘ಬೇವಿನ ಎಣ್ಣೆ’ ಅಂತೆಲ್ಲ ಬರೆದ್ರು. ಅಂಗಡಿ ಹೆಸರು ಹಾಕಿ ಹುಡುಕೋದೂ ಜಾಸ್ತಿ ಆಯ್ತು. ಹತ್ತಿರದ ಜಾಗದಲ್ಲಿ ಬರೆದ ಒಂದು ಲೇಖನ ಹಿಂಗೆ ನಾಲ್ಕು ಕಡೆಯಿಂದ ಕೆಲಸ ಮಾಡತ್ತೆ, ದೂರದ ಡಿಎ 60 ಲಿಂಕು ಒಂದು ಕಡೆಯಿಂದಲೂ ಮಾಡುತ್ತೋ ಇಲ್ವೋ. ಸಂಬಂಧ ಇಲ್ದಿರೋ ಸೈಟಲ್ಲಿ ಲಿಂಕ್ ಹಾಕಿಸೋದು ಮದುವೆ ಮನೇಲಿ ಬಾಡಿಗೆ ನೆಂಟರನ್ನ ಕೂರಿಸಿದಂಗೆ, ಫೋಟೋಗೆ ಚೆನ್ನಾಗಿರತ್ತೆ, ಮುಯ್ಯಿ ಬರಲ್ಲ.

ಲಿಂಕ್ ಎಲ್ಲಿಗೆ ಕೊಡಬೇಕು? ಹೋಮ್ ಪೇಜಿಗೆ ಕೊಡೋ ಬದ್ಲು ಆ ವಿಷಯಕ್ಕೆ ಹೊಂದೋ ಪೇಜಿಗೆ ಕೊಡಿ. ಲಿಂಕಿನ ಅಕ್ಷರದಲ್ಲಿ ‘ಬೆಸ್ಟ್ ನರ್ಸರಿ ಇನ್ ಬ್ಯಾಂಗಲೋರ್’ ಅಂತ ತುರುಕಬೇಡಿ, ಅದು ಓದೋರಿಗೂ ಅಸಹ್ಯ, ಗೂಗಲ್ ಸ್ಪ್ಯಾಮ್ ಅಂತ ಹಿಡಿಯೋದೂ ಅದನ್ನೇ. ಅಂಗಡಿ ಹೆಸರೇ ಸಾಕು. ಸೈಟಿನೋರು ನೋಫಾಲೋ (ಈ ಲಿಂಕನ್ನ ಲೆಕ್ಕಕ್ಕೆ ತಗೋಬೇಡ ಅಂತ ಗೂಗಲ್ಲಿಗೆ ಹೇಳೋ ಟ್ಯಾಗ್) ಹಾಕ್ತೀವಿ ಅಂದ್ರೆ ಹಾಕ್ಲಿ ಬಿಡಿ, ಜಗಳ ಆಡಬೇಡಿ, ಓದಿದೋರು ಅದರ ಮೇಲೆ ಒತ್ತಿ ಬರೋಕೆ ಏನೂ ಅಡ್ಡಿ ಇಲ್ಲ, ಜೊತೆಗೆ 2019ರಿಂದ ಗೂಗಲ್ ಅದನ್ನ ಬರೀ ಸೂಚನೆ ಅಂತ ನೋಡೋದು, ಕಡ್ಡಾಯ ಅಂತಲ್ಲ.

ಬೆಂಗಳೂರಲ್ಲಿ ನಿಜವಾದ ತಲೆನೋವು ವಿಳಾಸ. ಲೇಖನದ ಕೊನೇಲಿ ಬರೆದೋರ ಪರಿಚಯ ಹಾಕ್ತಾರಲ್ಲ, ಅಲ್ಲಿ ಅಂಗಡಿ ಹೆಸರು, ವಿಳಾಸ, ಫೋನು ಮೂರೂ ಗೂಗಲ್ ಬಿಸಿನೆಸ್ ಪ್ರೊಫೈಲಲ್ಲಿ (ಮ್ಯಾಪ್ಸಲ್ಲಿ ಕಾಣೋ ನಿಮ್ಮ ಅಂಗಡಿ ಪೇಜು) ಇರೋ ಹಾಗೇ ಇರಬೇಕು. ನಮ್ಮಲ್ಲಿ ಒಂದೇ ಅಂಗಡಿಗೆ ಓಲ್ಡ್ ನಂಬರ್ ಒಂದು, ನ್ಯೂ ನಂಬರ್ ಒಂದು, ಒಂದು ಕಡೆ ‘ಬಿಎಸ್‌ಕೆ ಸೆಕೆಂಡ್ ಸ್ಟೇಜ್’, ಇನ್ನೊಂದು ಕಡೆ ‘ಬನಶಂಕರಿ ಎರಡನೇ ಹಂತ’, ಬೋರ್ಡಲ್ಲಿ ಬ್ಯಾಂಗಲೋರ್, ಬಿಲ್ಲಲ್ಲಿ ಬೆಂಗಳೂರು. ಸ್ಟೇಜ್ ಅಂತ ಇದ್ರೂ ಹಂತ ಅಂತ ಇದ್ರೂ ಗೂಗಲ್ ಅರ್ಥ ಮಾಡ್ಕೊಳ್ಳತ್ತೆ, ಆದ್ರೆ ಹಳೇ ಫೋನ್ ನಂಬರು, ಬಿಟ್ಟು ಬಂದ ಕ್ರಾಸಿನ ವಿಳಾಸ ಉಳ್ಕೊಂಡಿದ್ರೆ ಗೂಗಲ್ಲಿಗೂ ಗೊಂದಲ, ಗಾಡಿ ತಗೊಂಡು ಬಂದ ಕಸ್ಟಮರ್‌ಗೂ ಗೊಂದಲ. ಒಂದು ಫೈಲಲ್ಲಿ ಸರಿಯಾದ ವಿಳಾಸ ಬರೆದಿಟ್ಕೊಂಡು ಪ್ರತೀ ಸಲ ಅದನ್ನೇ ಕಾಪಿ ಪೇಸ್ಟ್ ಮಾಡಿ. ಹಾಗೇ ಪ್ರೊಫೈಲಲ್ಲಿ ಅಂಗಡಿ ಹೆಸರಿನ ಜೊತೆ ಏರಿಯಾ ಹೆಸರು, ‘ಬೆಸ್ಟ್’, ‘ನಂಬರ್ ಒನ್’ ಎಲ್ಲ ಸೇರಿಸೋದು ಗೂಗಲ್ ನಿಯಮಕ್ಕೆ ವಿರುದ್ಧ, ಬೋರ್ಡಲ್ಲಿ ಏನಿದೆಯೋ ಅದೇ ಇರಲಿ.

ಇನ್ನೊಂದು, ಕನ್ನಡದಲ್ಲಿ ಬರೀರಿ ದಯವಿಟ್ಟು. ಎಲ್ರೂ ಇಂಗ್ಲಿಷಲ್ಲೇ ಹುಡುಕ್ತಾರೆ ಅನ್ನೋದು ಎಂಜಿ ರೋಡಿನ ಭ್ರಮೆ. ಗೂಗಲ್ ವಾಯ್ಸ್ ಸರ್ಚಿಗೆ 2017ರಲ್ಲೇ ಕನ್ನಡ ಬಂತು, ನಮ್ಮಮ್ಮನ ವಯಸ್ಸಿನೋರು ಟೈಪ್ ಮಾಡೋದೇ ಇಲ್ಲ, ‘ತುಳಸಿ ಗಿಡ ಒಣಗ್ತಿದೆ ಏನ್ ಮಾಡೋದು’ ಅಂತ ಫೋನಿಗೆ ಬಾಯಿಟ್ಟು ಕೇಳ್ತಾರೆ. ಅದಕ್ಕೆ ಕನ್ನಡದಲ್ಲಿ ಸರಿಯಾದ ಉತ್ತರ ಬರೆದಿರೋರು ಕಮ್ಮಿ, ಹಾಗಾಗಿ ಪೈಪೋಟಿನೂ ಕಮ್ಮಿ. ಏರಿಯಾ ಪತ್ರಿಕೆಗಳ ಸೈಟು, ಅಡುಗೆ ಬ್ಲಾಗು, ಸ್ಕೂಲಿನ ಅಪ್ಪ ಅಮ್ಮಂದಿರ ಬ್ಲಾಗು, ಎಲ್ಲ ಕಡೆ ಕೇಳಬಹುದು. ಅವರಿಗೆ ಬರೆಯೋವಾಗ ‘ಡಿಯರ್ ವೆಬ್‌ಮಾಸ್ಟರ್’ ಅಂತ ಶುರು ಮಾಡಿದ್ರೆ ಅಲ್ಲಿಗೇ ಕಥೆ ಮುಗೀತು. ‘ನಿಮ್ಮ ಅವರೆಕಾಯಿ ಲೇಖನ ಓದಿದೆ, ಅವರೆ ಬಳ್ಳಿನ ಕುಂಡದಲ್ಲಿ ಬೆಳೆಸೋದು ಹೆಂಗೆ ಅಂತ ನಾನು ಬರೆದುಕೊಡ್ಲಾ, ಫೋಟೋನೂ ಇದೆ’ ಅಂತ ಎರಡು ಸಾಲು ಸಾಕು. ಎಐ ಹತ್ರ ಬರೆಸಿ ಐವತ್ತು ಸೈಟಿಗೆ ಅದನ್ನೇ ಕಳ್ಸೋ ಪ್ಲಾನ್ ಇದ್ರೆ ನೀವು ಈ ಪೋಸ್ಟ್ ಇಲ್ಲೀವರೆಗೂ ಓದಿದ್ದೇ ದಂಡ.

ಕೆಲಸ ಆಗ್ತಿದೆಯೋ ಇಲ್ವೋ ನೋಡೋದು ಹೇಗೆ? ಅಂಗಡಿಲಿ ಕೂತು ಸ್ವಂತ ಫೋನಲ್ಲಿ ಹುಡುಕಿ ‘ಫಸ್ಟ್ ಬರ್ತಿದೀವಿ’ ಅಂತ ಖುಷಿಪಡೋರನ್ನ ಬೇಕಾದಷ್ಟು ನೋಡಿದೀನಿ, ಅಂಗಡಿ ಒಳಗೇ ನಿಂತ್ಕೊಂಡ್ರೆ ಬರದೇ ಇನ್ನೇನು! ತ್ಯಾಗರಾಜನಗರದಲ್ಲಿ ನಿಂತು ಒಂದ್ಸಲ, ಕತ್ರಿಗುಪ್ಪೆಲಿ ಒಂದ್ಸಲ, ಸೌತ್ ಎಂಡ್ ಸರ್ಕಲ್ಲಲ್ಲಿ ಒಂದ್ಸಲ ಇನ್‌ಕಾಗ್ನಿಟೋಲಿ ಹುಡುಕಿ ನೋಡಿ. ಬಿಸಿನೆಸ್ ಪ್ರೊಫೈಲಲ್ಲಿ ಎಷ್ಟು ಜನ ಕಾಲ್ ಒತ್ತಿದ್ರು, ಎಷ್ಟು ಜನ ದಾರಿ ಕೇಳಿದ್ರು ಅಂತ ತಿಂಗಳಿಗೊಮ್ಮೆ ಬರೆದಿಟ್ಕೊಳ್ಳಿ, ಲೇಖನದ ಲಿಂಕಿಗೆ ಯುಟಿಎಂ ಟ್ಯಾಗ್ (ಲಿಂಕಿನ ಕೊನೆಗೆ ಸೇರಿಸೋ ಗುರುತು) ಹಾಕಿದ್ರೆ ಯಾವ ಸೈಟಿಂದ ಬಂದ್ರು ಅಂತ ಅನಲಿಟಿಕ್ಸಲ್ಲಿ, ಅಂದ್ರೆ ಸೈಟಿಗೆ ಬಂದೋರ ಲೆಕ್ಕದಲ್ಲಿ, ಕಾಣತ್ತೆ. ವಾರದಲ್ಲಿ ಏನೂ ಕಾಣಲ್ಲ, ತಿಂಗಳುಗಟ್ಲೆ ಹಿಡಿಯತ್ತೆ. ಪ್ರೊಫೈಲಲ್ಲಿ ಕ್ಯಾಟಗರಿನೇ ತಪ್ಪಿದ್ರೆ, ಫೋಟೋ ಇಲ್ದಿದ್ರೆ, ಭಾನುವಾರ ಬಾಗಿಲು ಹಾಕಿದ್ರೂ ಓಪನ್ ಅಂತ ತೋರಿಸ್ತಿದ್ರೆ ಮೊದ್ಲು ಅದನ್ನ ಸರಿ ಮಾಡಿ, ಅದಕ್ಕೆ ಅರ್ಧ ಗಂಟೆನೂ ಬೇಡ, ದುಡ್ಡೂ ಬೇಡ.